ಮೈಕ್ ಹಿಡಿದು ಕಡಿಮೆ ಮಾತಾಡುವುದು: ನನ್ನ ಅನುಭವ

ಹೋದ ಸೀಸನ್‌ನಲ್ಲಿ ಹೆಚ್ಚೂಕಡಿಮೆ 22 ಶಾಲಾ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೆ ಅನೌನ್ಸ್ ಮಾಡಿದೆ. ರೆಫರಿ ನಾನು ಕೂರುವ ಟೇಬಲ್ ಕಡೆ ತಿರುಗಿ "ಸಾಕು ಮಾಡಿ" ಅಂದದ್ದು ಒಂದು ಸಲವೂ ಇಲ್ಲ. ಮುಂಚೆ ಮೂರು ಪಂದ್ಯಕ್ಕೊಂದು ತಕರಾರು ಇದ್ದೇ ಇರುತ್ತಿತ್ತು. ಚೆಂಡು ಆಟದಲ್ಲಿದ್ದಾಗ ಬಾಯಿ ಬಿಡಲ್ಲ ಅಂತ ಹೇಳಿದಾಗ ಜೊತೆಯವರು "ಜೋಶ್ ಎಲ್ಲಿಂದ ಬರುತ್ತೆ, ಹಾಗಾದ್ರೆ ಮೈಕ್ ಯಾಕೆ?" ಅಂದಿದ್ದರು. ಅವರು ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲೆರಡು ವರ್ಷ ಟಿವಿಯಲ್ಲಿ ಕೇಳಿದ ಹಾಗೆ ಕೂಗಿದೆ. ನಮ್ಮ ಹುಡುಗರು ಮೂರು ಪಾಯಿಂಟ್ ಹೊಡೆದರೆ ಹೆಸರನ್ನು ಎಳೆದೆಳೆದು ಹೇಳುವುದು, ಎದುರು ತಂಡಕ್ಕೆ ಒಂದು ಸಪ್ಪೆ ಮಾತು. ಒಂದು ಪಂದ್ಯದ ನಾಲ್ಕನೇ ಕ್ವಾರ್ಟರ್, ಇನ್ನೊಂದು ನಿಮಿಷವೂ ಉಳಿದಿಲ್ಲ. ಎದುರು ತಂಡದ ಹುಡುಗಿ ಫ್ರೀ ಥ್ರೋ (ಫೌಲ್‌ಗೆ ಸಿಗುವ, ಯಾರೂ ಅಡ್ಡ ಬರದ ಎಸೆತ) ಲೈನ್‌ನಲ್ಲಿ ನಿಂತಿದ್ದಾಳೆ, ರೆಫರಿ ಚೆಂಡು ಕೊಟ್ಟಾಗಿದೆ, ನಾನಿನ್ನೂ ಯಾರದು ಎಷ್ಟನೇ ಫೌಲ್ ಅಂತ ಮೈಕ್‌ನಲ್ಲಿ ಹೇಳುತ್ತಲೇ ಇದ್ದೇನೆ. ಎತ್ತಿದ ಕೈ ಅರ್ಧಕ್ಕೆ ನಿಂತಿತು. ಆಮೇಲೆ ಎಸೆದಳು, ರಿಂಗ್‌ಗೆ ತಾಗಿ ಹೊರಗೆ ಬಿತ್ತು. ಅವಳು ನೋಡಿದ್ದು ರಿಂಗ್ ಕಡೆ ಅಲ್ಲ, ನನ್ನ ಕಡೆ. ಒಂದು ಪಾಯಿಂಟ್‌ನಿಂದ ಸೋತರು. ಅವರ ಕೋಚ್ ಟೇಬಲ್ ಹತ್ತಿರ ಬಂದು "ಮಕ್ಕಳ ಆಟ ಸರ್ ಇದು" ಅಂತಷ್ಟೇ ಹೇಳಿ ಹೋದರು.

ಆದರೂ ತಪ್ಪು ಸೌಂಡಿನದೇ ಅಂದುಕೊಂಡೆ. ಸ್ವಂತ ದುಡ್ಡಿನಲ್ಲಿ ದೊಡ್ಡ ಸ್ಪೀಕರ್ ತಂದೆ, ಒಂದು ಸೀಸನ್ನಿನಲ್ಲಿ ನನಗೆ ಸಿಗುವ ಗೌರವಧನದ ಸುಮಾರು ಮೂರು ಪಟ್ಟು ಹೋಯಿತು. ಒಳಾಂಗಣದಲ್ಲಿ ಅದು ಇನ್ನೂ ಕೆಟ್ಟದಾಯಿತು. ಎದುರು ಗೋಡೆಗೆ ಬಡಿದ ಮಾತು ವಾಪಸ್ ಬಂದು ಮುಂದಿನ ಮಾತಿನ ಮೇಲೆ ಕೂರುತ್ತಿತ್ತು. ಅರ್ಧ ಬೆಲೆಗೆ ಮಾರಿದೆ. ಈಗ ಎರಡು ಸಣ್ಣ ಸ್ಪೀಕರ್‌ಗಳನ್ನು ಎತ್ತರದಲ್ಲಿ ಕಟ್ಟಿ, ಜನ ಕೂತಿರುವ ಕಡೆಗೆ ಬಗ್ಗಿಸಿಟ್ಟಿದ್ದೇನೆ. ವಾಲ್ಯೂಮ್ ಮೊದಲಿಗಿಂತ ಅರ್ಧ, ಕೇಳಿಸುವುದು ಜಾಸ್ತಿ. ಸ್ವಿಚ್ ಇರುವ ಮೈಕೇ ಬೇಕು. ಪಕ್ಕದಲ್ಲೇ ಹಾರ್ನ್ ಇರುತ್ತೆ ಅಲ್ವಾ, ಅದರ ಸದ್ದು ಮೈಕ್‌ಗೆ ಹೋಗಬಾರದು ಅಂತ ಹೆಬ್ಬೆರಳು ಸ್ವಿಚ್ ಮೇಲಿಂದ ಏಳುವುದೇ ಇಲ್ಲ.

ಈಗ ಬಾಸ್ಕೆಟ್ ಬಿದ್ದರೆ ಹೆಸರು ಮಾತ್ರ, ಎದುರು ತಂಡ ಗೆರೆಯಾಚೆಯಿಂದ ಚೆಂಡನ್ನು ಕೋರ್ಟಿನೊಳಗೆ ಎಸೆಯುವಷ್ಟರಲ್ಲಿ ಮುಗಿದಿರಬೇಕು. ಫೌಲ್ ಆದರೆ ರೆಫರಿ ಬೆರಳಲ್ಲಿ ಜರ್ಸಿ ನಂಬರ್ ತೋರಿಸುವ ತನಕ ಕಾಯುತ್ತೇನೆ. ಟೈಮ್ ಔಟ್ ಯಾರದು, ಒಳಗೆ ಬಂದವರು ಯಾರು, ಅಷ್ಟೇ. ಎಷ್ಟನೇ ಫೌಲ್ ಅಂತ ಹೇಳುವುದನ್ನು ಪೂರ್ತಿ ಬಿಟ್ಟೆ. ಐದು ಫೌಲ್ ಆದರೆ ಆಟದಿಂದ ಹೊರಗೆ ಅಂತ ಎಲ್ಲರಿಗೂ ಗೊತ್ತು, ನಾಲ್ಕು ಅಂತ ನಾನು ಹೇಳಿದ ಕೂಡಲೇ ಗ್ಯಾಲರಿ ಆ ಮಗುವಿನ ಮೇಲೆ ಬೀಳುತ್ತೆ.

ಫೋನ್‌ನಲ್ಲಿ ನನ್ನ ದನಿ ರೆಕಾರ್ಡ್ ಮಾಡಿ, ತಂಡಗಳ ಪರಿಚಯವೇ ಇಲ್ಲದವರೊಬ್ಬರಿಗೆ ಕೇಳಿಸಿದೆ. ನಮ್ಮ ತಂಡ ಯಾವುದು ಅಂತ ಥಟ್ಟನೆ ಹೇಳಿಬಿಟ್ಟರು. ಅವರು ಗುರುತಿಸದ ಹಾಗೆ ಹೇಳಲು ಏಳೆಂಟು ಪಂದ್ಯ ಹಿಡಿಯಿತು. ಇದಕ್ಕೆ ಸರಿಸಾಟಿ ಅಭ್ಯಾಸ ಇನ್ನೊಂದಿಲ್ಲ.

ಹೆಸರುಗಳಿಗಾಗಿ ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ಹೋಗಿ, ಆದಷ್ಟೂ ಮಕ್ಕಳನ್ನೇ ಕೇಳಿ, ಕಿವಿಗೆ ಬಿದ್ದ ಹಾಗೇ ಬರೆದುಕೊಳ್ಳುತ್ತೇನೆ. ಪಟ್ಟಿ ಜರ್ಸಿ ನಂಬರ್ ಪ್ರಕಾರ, ಎರಡು ಬಣ್ಣದ ಪೆನ್. ಯಾವ ಬಣ್ಣ ಯಾತಕ್ಕೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಟೈಮ್ ಔಟ್‌ನಲ್ಲಿ ಹಾಡು ಹಾಕಿ ನೋಡಿದೆ. ಕೋಚ್ ಮಾತು ಮಕ್ಕಳಿಗೆ ಕೇಳಿಸಲಿಲ್ಲ, ಎರಡೇ ಪಂದ್ಯಕ್ಕೆ ನಿಲ್ಲಿಸಿದೆ. ಒಂಬತ್ತನೇ ಕ್ಲಾಸಿನ ಹುಡುಗಿಗೆ ಒಂದು ಕ್ವಾರ್ಟರ್ ಮೈಕ್ ಕೊಟ್ಟೆ. ಚೆನ್ನಾಗೇ ಹೇಳಿದಳು, ಗೆಳತಿಯ ಹೆಸರು ಬಂದಾಗ ಮಾತ್ರ ದನಿ ಏರಿತು. ಸದ್ಯಕ್ಕೆ ಹಾಫ್ ಟೈಮ್ ಅವಳದೇ.

ಆಟ ನಡೆಯುವಾಗಲೂ ಮಾತಾಡಬೇಕಾದದ್ದು ಜನಕ್ಕೆ ಅಪಾಯ ಇದ್ದಾಗ ಮಾತ್ರ. ಯಾವ ಬಾಗಿಲಿಂದ ಹೋಗಬೇಕು, ಹೇಗೆ ಹೋಗಬೇಕು ಅಂತ ನಾಲ್ಕು ಸಾಲು ದಪ್ಪಕ್ಷರದಲ್ಲಿ ಬರೆದು ಟೇಬಲ್‌ಗೆ ಅಂಟಿಸಿದ್ದೇನೆ. ಇದುವರೆಗೆ ಓದಬೇಕಾಗಿ ಬಂದಿಲ್ಲ, ಆದರೂ ಪ್ರತಿ ಪಂದ್ಯಕ್ಕೂ ಮುಂಚೆ ಒಂದು ಸಲ ಮೆಲ್ಲಗೆ ಓದಿಕೊಳ್ಳುತ್ತೇನೆ.