ಗರ್ಭಕೋಶ ತೆಗೆಸಿ ಅಂದ ತಕ್ಷಣ ಹೂಂ ಅನ್ನಬೇಡಿ

ನಮ್ಮ ಚಿಕ್ಕಮ್ಮ ಸ್ಕ್ಯಾನಿಂಗ್ ರಿಪೋರ್ಟನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಬಚ್ಚಿಟ್ಟಿದ್ದರು. ವಯಸ್ಸು 41. ಆರು ತಿಂಗಳಿಂದ ಮುಟ್ಟು ಬಂದರೆ ಎಂಟು, ಹತ್ತು ದಿನ ನಿಲ್ಲುತ್ತಿರಲಿಲ್ಲ. ತೋರಿಸಿದ ಕಡೆ, ‘ಮಕ್ಕಳಾಗಿವೆ ಅಲ್ವಾ, ಇನ್ನು ಅದ್ಯಾಕೆ, ತೆಗೆಸಿಬಿಡಿ’ ಅಂದರಂತೆ. ರಿಪೋರ್ಟಿನ ಕೊನೆಯಲ್ಲಿ ಇದ್ದದ್ದು ಎರಡೇ ಪದ: ಬಲ್ಕಿ ಯೂಟರಸ್. ಅದನ್ನೇ ಕ್ಯಾನ್ಸರ್ ಅಂದುಕೊಂಡು ಎರಡು ವಾರ ನಿದ್ದೆಗೆಟ್ಟಿದ್ದರು.

ಬಲ್ಕಿ ಅಂದರೆ ಗರ್ಭಕೋಶ ಮಾಮೂಲಿಗಿಂತ ದಪ್ಪಗಿದೆ ಎಂದಷ್ಟೇ. ಹೆರಿಗೆ ಆದವರಲ್ಲಿ ತೊಂದರೆ ಇಲ್ಲದೆಯೂ ಹಾಗೆ ಕಾಣುವುದುಂಟು. ಅದು ಕಾಯಿಲೆಯ ಹೆಸರೇ ಅಲ್ಲ. ಹಾಗಾದರೆ ಕಾಯಿಲೆ ಯಾವುದು, ಅದನ್ನು ಹೇಗೆ ಪತ್ತೆ ಮಾಡಿಸುವುದು? ಒಂದೊಂದಾಗಿ ನೋಡೋಣ.

ಮೊದಲು ಕ್ಯಾಲೆಂಡರ್ ಹಿಡಿಯಿರಿ

ಗೋಡೆಯ ಕ್ಯಾಲೆಂಡರ್ ಸಾಕು, ಆ್ಯಪ್ ಬೇಕಿಲ್ಲ. ಮುಟ್ಟಾದ ದಿನಕ್ಕೆ ಚುಕ್ಕೆ ಇಡಿ. ಪಕ್ಕದಲ್ಲಿ ಆ ದಿನ ಎಷ್ಟು ಪ್ಯಾಡ್ ಬದಲಿಸಿದಿರಿ ಎಂದು ಬರೆಯಿರಿ. ಬಟ್ಟೆ ಬಳಸುವವರು ಎಷ್ಟು ಸಲ ಬದಲಿಸಿದಿರಿ ಎಂದು ಬರೆಯಿರಿ. ಹೆಪ್ಪುಗಟ್ಟಿದ ರಕ್ತ ಬಿದ್ದರೆ 10 ರೂಪಾಯಿ ನಾಣ್ಯಕ್ಕೆ ಹೋಲಿಸಿ: ಅದಕ್ಕಿಂತ ದೊಡ್ಡದೋ, ಚಿಕ್ಕದೋ? ನೋವಿಗೆ ಮಾತ್ರೆ ನುಂಗಿದ ದಿನ, ಮುಟ್ಟಿನ ನಡುವೆ ಕಲೆ ಕಂಡ ದಿನ, ಎಲ್ಲಕ್ಕೂ ಒಂದೊಂದು ಗುರುತು.

ರಕ್ತಸ್ರಾವ ಏಳೆಂಟು ದಿನ ದಾಟಿದರೆ, ಒಂದೆರಡು ಗಂಟೆಗೊಮ್ಮೆ ಪ್ಯಾಡ್ ತೋಯ್ದರೆ, ರಾತ್ರಿ ಎದ್ದು ಬದಲಿಸಬೇಕಾದರೆ, ನಾಣ್ಯಕ್ಕಿಂತ ದೊಡ್ಡ ಹೆಪ್ಪು ಬಿದ್ದರೆ ಅದು ಜಾಸ್ತಿಯೇ. ‘ನಮ್ಮಮ್ಮನಿಗೂ ಹೀಗೇ ಇತ್ತು’ ಎಂದು ಸುಮ್ಮನಿರಬೇಡಿ. ಎರಡು ಮೂರು ತಿಂಗಳ ಈ ಲೆಕ್ಕ ಡಾಕ್ಟರ್ ಮುಂದಿಟ್ಟರೆ ಅರ್ಧ ಮಾತು ಉಳಿಯುತ್ತದೆ.

ಆದರೆ ಕ್ಯಾಲೆಂಡರ್ ತುಂಬಲಿ ಎಂದು ಕಾಯಬಾರದ ಸಂದರ್ಭಗಳೂ ಇವೆ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ ಆ ವಾರವೇ ತೋರಿಸಿ. ಗಂಡನ ಜೊತೆ ಸೇರಿದಾಗ ರಕ್ತ ಬಂದರೂ ಅಷ್ಟೇ. ಗಂಟೆಗೊಂದು ಪ್ಯಾಡ್ ತೋಯುತ್ತಾ ತಲೆ ಸುತ್ತಿದರೆ, ಬಸುರಿಗೆ ರಕ್ತ ಕಂಡರೆ, ಜ್ವರದ ಜೊತೆ ಕಿಬ್ಬೊಟ್ಟೆ ನೋವು, ವಾಸನೆಯ ಬಿಳಿಸೆರಗು ಇದ್ದರೆ ಅವತ್ತೇ ಹೊರಡಿ.

ಪರೀಕ್ಷೆಗಳು

ಹಿಮೋಗ್ಲೋಬಿನ್ ಮೊದಲು. 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ ಎನ್ನುವುದಕ್ಕೆ ‘ವಯಸ್ಸಾಯ್ತು’ ಎನ್ನುವವರ ರಿಪೋರ್ಟಿನಲ್ಲಿ ಎಷ್ಟೋ ಸಲ 7, 8 ಇರುತ್ತದೆ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ. ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ. ಥೈರಾಯ್ಡ್ ಏರುಪೇರಾದರೂ ಮುಟ್ಟು ಕೆಡುತ್ತದೆ, ಹಾಗಾಗಿ ಅದನ್ನೂ ನೋಡುತ್ತಾರೆ. ಮುಟ್ಟಾಗುವ ವಯಸ್ಸಿನವರಿಗೆ ಬಸಿರಿನ ಪರೀಕ್ಷೆ ಹೇಳಿದರೆ ಮುಜುಗರ ಬೇಡ.

ಆಮೇಲೆ ಸ್ಕ್ಯಾನಿಂಗ್. ಆ ತಿಂಗಳ ಮುಟ್ಟು ಮುಗಿದ ಒಂದೆರಡು ದಿನದೊಳಗೆ ಮಾಡಿಸಿದರೆ ಗರ್ಭಕೋಶದ ಒಳಪದರ ತೆಳ್ಳಗಿದ್ದು ಚೆನ್ನಾಗಿ ಕಾಣುತ್ತದೆ. ರಕ್ತಸ್ರಾವದ ತೊಂದರೆ ಇರುವವರಲ್ಲಿ 45 ದಾಟಿದವರಿಗೆ ಮತ್ತು ಮುಟ್ಟು ನಿಂತ ಮೇಲೆ ಪದರ 4 ಮಿಲಿಮೀಟರಿಗಿಂತ ದಪ್ಪಗಿದ್ದವರಿಗೆ ಒಳಪದರದ ಚೂರು ತೆಗೆದು ಬಯಾಪ್ಸಿ ಮಾಡುತ್ತಾರೆ. ಒಳಪದರದ ಕ್ಯಾನ್ಸರ್ ಇಲ್ಲ ಎನ್ನುವುದು ಖಚಿತವಾಗುವುದು ಇದರಿಂದಲೇ, ಬರೀ ಸ್ಕ್ಯಾನಿಂಗಿನಿಂದಲ್ಲ.

ಗರ್ಭಕಂಠದ್ದು, ಅಂದರೆ ಗರ್ಭಕೋಶದ ಬಾಯಿಯದ್ದು, ಬೇರೆ ಲೆಕ್ಕ. ಅಲ್ಲಿನ ಕ್ಯಾನ್ಸರಿಗೆ ಹೆಚ್ಚಿನಂಶ ಎಚ್‌ಪಿವಿ ವೈರಸ್ ಕಾರಣ. ಸರ್ಕಾರಿ ತಪಾಸಣೆ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಅಸಿಟಿಕ್ ಆಮ್ಲ ಹಚ್ಚಿ ನೋಡುವ ಸುಲಭದ ಪರೀಕ್ಷೆ ಇದೆ. ಐದು ವರ್ಷಕ್ಕೊಮ್ಮೆ ಮಾಡಿಸಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಯಾವ ದಿನ ಮಾಡುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ರಿಪೋರ್ಟ್ ಓದುವುದು

ಫೈಬ್ರಾಯ್ಡ್ ಅಂದರೆ ಗರ್ಭಕೋಶದ ಮಾಂಸದಲ್ಲಿ ಬೆಳೆಯುವ ಗಡ್ಡೆ. ಅದು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಗಡ್ಡೆ ಎಷ್ಟು ದೊಡ್ಡದು ಎಂದು ಎಲ್ಲರೂ ಕೇಳುತ್ತಾರೆ. ಎಲ್ಲಿದೆ ಎಂದೂ ಕೇಳಿ. ಒಳಪದರಕ್ಕೆ ಒತ್ತಿಕೊಂಡ ನೆಲ್ಲಿಕಾಯಿ ಗಾತ್ರದ ಗಡ್ಡೆ ರಕ್ತ ಸುರಿಸುತ್ತದೆ. ಹೊರಮೈಯಲ್ಲಿರುವ ಮೂಸಂಬಿಯಂಥದ್ದು ಸುಮ್ಮನೆ ಕೂತಿರಬಹುದು. ತೊಂದರೆ ಕೊಡದ ಗಡ್ಡೆಯನ್ನು ಮುಟ್ಟಬೇಕಿಲ್ಲ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಅದು ಕುಗ್ಗುತ್ತದೆ.

ಅಡಿನೋಮಯೋಸಿಸ್ ಅಂದರೆ ಒಳಪದರದಂಥ ಜೀವಕೋಶಗಳು ಮಾಂಸದೊಳಗೇ ಬೇರೂರುವುದು. ರಕ್ತಸ್ರಾವ ಜಾಸ್ತಿ, ಹಿಂಡುವ ನೋವು, ದಪ್ಪಗಾದ ಗರ್ಭಕೋಶ. ಚಿಕ್ಕಮ್ಮನದು ಇದೇ. ಪಾಲಿಪ್ ಅಂದರೆ ಒಳಪದರದಲ್ಲಿ ಜೋತಾಡುವ ಸಣ್ಣ ಮಾಂಸದ ಕುಡಿ. ಹಿಸ್ಟೆರೋಸ್ಕೋಪಿ ನಳಿಗೆ ಹಾಕಿ, ಹೊಟ್ಟೆ ಕೊಯ್ಯದೆ ತೆಗೆಯಬಹುದು. ಗರ್ಭಕೋಶ ಕೆಳಗೆ ಜಾರಿದ್ದರೆ ಶಸ್ತ್ರಚಿಕಿತ್ಸೆಯೊಂದೇ ದಾರಿಯಲ್ಲ, ಗರ್ಭಕೋಶವನ್ನು ಎತ್ತಿ ಹಿಡಿಯುವ ಬಳೆಯಂಥ ರಿಂಗ್ ಪೆಸರಿ ಹಾಕಿಸಿಕೊಂಡು ಆರಾಮವಾಗಿ ಓಡಾಡುವ ಅಜ್ಜಿಯರಿದ್ದಾರೆ.

ತೆಗೆಸುವ ಮೊದಲಿನ ಪ್ರಶ್ನೆಗಳು

‘ಮಾತ್ರೆಯಲ್ಲಿ ಕಡಿಮೆ ಆಗಲ್ವಾ ಡಾಕ್ಟ್ರೇ?’ ಎಂದು ಕೇಳಲು ನಾಚಿಕೆ ಬೇಡ. ಟ್ರನೆಕ್ಸಾಮಿಕ್ ಆ್ಯಸಿಡ್ ಮಾತ್ರೆಯನ್ನು ರಕ್ತ ಹೋಗುವ ದಿನಗಳಲ್ಲಿ ಮಾತ್ರ ಕೊಡುತ್ತಾರೆ. ಹಾರ್ಮೋನ್ ಮಾತ್ರೆಗಳಿವೆ. ಗರ್ಭಕೋಶದೊಳಗೆ ಕೂರಿಸುವ, ಹಾರ್ಮೋನ್ ಇರುವ ಕಾಯಿಲ್ (ವಂಕಿ) ಹಾಕಿಸಿದರೆ ವರ್ಷಗಟ್ಟಲೆ ಸಾಲುತ್ತದೆ. ಮೊದಲ ಮೂರ್ನಾಲ್ಕು ತಿಂಗಳು ಆಗಾಗ ಕಲೆ ಕಾಣುತ್ತದೆ, ಇದನ್ನು ಮೊದಲೇ ಹೇಳಿರದ ಕಾರಣ ಎಷ್ಟೋ ಜನ ಗಾಬರಿಯಾಗಿ ಕಾಯಿಲ್ ತೆಗೆಸುತ್ತಾರೆ. ಬರೀ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಯೂ ಇದೆ. ಇವುಗಳಲ್ಲಿ ನಿಮಗೆ ಯಾವುದು ಆಗುತ್ತದೆ, ಯಾವುದು ಯಾಕೆ ಆಗುವುದಿಲ್ಲ ಎಂದು ಕೇಳಿ. ಉತ್ತರ ಸಿಗದಿದ್ದರೆ ಫೈಲ್ ಹಿಡಿದು ಇನ್ನೊಬ್ಬ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಚಿಕ್ಕಮ್ಮ ಹೋದರು. ಈಗ ಕಾಯಿಲ್ ಹಾಕಿಸಿ ಎರಡು ವರ್ಷ.

ಇಷ್ಟು ಹುಷಾರು ಯಾಕೆ ಅಂತೀರಾ? ಕಲಬುರಗಿ ಕಡೆಯ ತಾಂಡಾಗಳ ಬಡ ಹೆಣ್ಣುಮಕ್ಕಳಿಗೆ, ಅದೂ ಚಿಕ್ಕ ವಯಸ್ಸಿನವರಿಗೆ, ಹೊಟ್ಟೆ ನೋವು ಅಂತ ಹೋದರೆ ಗರ್ಭಚೀಲವನ್ನೇ ತೆಗೆದ ಪ್ರಕರಣಗಳು 2015ರ ಹೊತ್ತಿಗೆ ಸುದ್ದಿಯಾಗಿದ್ದವು. ಬೇಡದ ಇಂಥ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ಮಾರ್ಗಸೂಚಿ ಹೊರಡಿಸಿತು. ಅದನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು.

ತೆಗೆಸಲೇಬೇಕಾದ ಸಂದರ್ಭಗಳೂ ಇವೆ. ಕ್ಯಾನ್ಸರ್ ಇದ್ದಾಗ, ಬೇರೆ ಯಾವುದಕ್ಕೂ ಬಗ್ಗದ ರಕ್ತಸ್ರಾವ ಇದ್ದಾಗ ಅದು ಜೀವ ಉಳಿಸುತ್ತದೆ. ಆಗ ಅಂಡಾಶಯವನ್ನೂ ತೆಗೆಯುತ್ತೀರಾ, ಯಾಕೆ ಎಂದು ಸಹಿ ಹಾಕುವ ಮೊದಲೇ ಕೇಳಿ. ಮುಟ್ಟು ನಿಲ್ಲುವ ಮೊದಲೇ ಅದನ್ನು ತೆಗೆದರೆ ಮೈ ಬಿಸಿಯೇರುವುದು ರಾತ್ರೋರಾತ್ರಿ ಶುರುವಾಗುತ್ತದೆ, ಮೂಳೆ ಬೇಗ ಸವೆಯುತ್ತದೆ. ಮನೆಗೆ ಬರುವಾಗ ಡಿಸ್ಚಾರ್ಜ್ ಕಾರ್ಡ್ ತನ್ನಿ. ತೆಗೆದ ಭಾಗದ ಬಯಾಪ್ಸಿ ರಿಪೋರ್ಟ್ ಕೆಲವು ದಿನ ಬಿಟ್ಟು ಬರುತ್ತದೆ, ಅದಕ್ಕೆ ಮತ್ತೆ ಹೋಗಿ. ಏನು ತೆಗೆದರು, ಏನು ಉಳಿಸಿದರು ಎಂದು ಕಾರ್ಡಿನಲ್ಲಿ ಬರೆದಿರಬೇಕು. ಗರ್ಭಕಂಠ ಉಳಿಸಿದ್ದರೆ ಅದರ ತಪಾಸಣೆಗೆ ಮುಂದೆಯೂ ಹೋಗುತ್ತಿರಬೇಕಲ್ಲ.