ಇದ್ದಿಲು ಹೊತ್ತಿಸುವುದು ಹೇಗೆ? ಎಣ್ಣೆ ಬೇಡ, ಗಾಳಿ ಬೇಕು

ಚಳಿ ಬಿತ್ತೆಂದರೆ ಕಲಬುರಗಿಯಲ್ಲಿ ಮಾಳಿಗೆ ಮೇಲಿನ ಅಡುಗೆಗೆ ಕಳೆ ಬರುತ್ತದೆ. ಒಬ್ಬರು ಕೋಳಿ ಸುಡುತ್ತಾರೆ, ಇನ್ನೊಬ್ಬರು ಪನೀರ್, ಮಕ್ಕಳಿಗೆ ಮೆಕ್ಕೆಜೋಳದ ತೆನೆ. ಮಸಾಲೆ ಹಚ್ಚುವುದು ಎಲ್ಲರಿಗೂ ಬರುತ್ತದೆ. ಕೈಕೊಡುವುದು ಬೆಂಕಿ. ಊದಿ ಊದಿ ಕಣ್ಣು ಕೆಂಪಾದರೂ ಇದ್ದಿಲು ಹೊತ್ತುವುದಿಲ್ಲ. ಕೊನೆಗೆ ಯಾರೋ ಸೀಮೆಎಣ್ಣೆ ಸುರಿಯುತ್ತಾರೆ, ಆಮೇಲೆ ತಿನ್ನುವ ತುತ್ತಿಗೆಲ್ಲ ಅದೇ ವಾಸನೆ.

ಎಣ್ಣೆ ಬೇಕಾಗಿಯೇ ಇಲ್ಲ. ಕೆಳಗಿನಿಂದ ಗಾಳಿ ಆಡಬೇಕು, ನಾವು ಇಪ್ಪತ್ತು ನಿಮಿಷ ಸುಮ್ಮನೆ ಕಾಯಬೇಕು. ಅಷ್ಟೇ.

ಮೊದಲು ಜಾಗ

ಗ್ರಿಲ್ ಆಗಲಿ, ಸಿಗಡಿ (ಇದ್ದಿಲಿನ ಒಲೆ) ಆಗಲಿ, ಬಯಲಲ್ಲೇ ಇಡಿ. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವ ಮಾತ್ರ ತೆಗೆಯುತ್ತದೆ. ಅಡುಗೆಮನೆ, ಗ್ಯಾರೇಜ್, ಮುಚ್ಚಿದ ಬಾಲ್ಕನಿ ಯಾವುದೂ ಬೇಡ. ಇನ್ನೂ ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಡಿಸೆಂಬರ್‌ನಲ್ಲಿ ಬೀದರ್ ಕಡೆ ಚಳಿ ಜೋರು. ಊಟ ಆದ ಮೇಲೆ ಕೆಂಡ ಉಳಿದಿದೆ ಅಂತ ಸಿಗಡಿಯನ್ನು ಮಲಗುವ ಕೋಣೆಗೆ ಒಯ್ಯಬೇಡಿ. ಹೊಗೆ ಇಲ್ಲದ ಕೆಂಡವೂ ಅದೇ ವಿಷವನ್ನು ಬಿಡುತ್ತದೆ. ನಿದ್ದೆಯಲ್ಲಿ ಇರುವವರಿಗೆ ಗೊತ್ತೇ ಆಗುವುದಿಲ್ಲ.

ನಮ್ಮ ಅಂಗಳ, ಮಾಳಿಗೆಗಳಲ್ಲಿ ಶಹಾಬಾದ್ ಫರ್ಸಿ ಜಾಸ್ತಿ. ಅದು ಪದರು ಪದರಾಗಿರುವ ಸುಣ್ಣದ ಕಲ್ಲು. ನೇರವಾಗಿ ಬಿಸಿ ತಗುಲಿದರೆ, ಅದರಲ್ಲೂ ಹಸಿ ಇದ್ದರೆ, ಸೀಳಿ ಚೂರು ಸಿಡಿಯಬಹುದು. ಫರ್ಸಿ ಮೇಲೆ ಒಂದು ಸಾಲು ಇಟ್ಟಿಗೆ ಜೋಡಿಸಿ, ಮೇಲೆ ಉಸುಕು ಹರಡಿ, ಅದರ ಮೇಲೆ ಗ್ರಿಲ್ ಇಡಿ. ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಬುಟ್ಟಿ ಉಸುಕು ಇರಲಿ.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಅಲ್ಲೇ ಬೆಂಕಿ ಮಾಡುವವರು ಇದ್ದಾರೆ. ಆಗ ತೊಗರಿ ಒಣಗಿ ನಿಂತಿರುತ್ತದೆ, ಇಲ್ಲವೇ ಕೊಯ್ದು ಒಟ್ಟಿರುತ್ತಾರೆ. ಒಂದು ಕಿಡಿ ಸಾಕು, ರೈತನ ವರ್ಷದ ದುಡಿಮೆ ಹೋಗುತ್ತದೆ. ಬೆಳೆ, ಬಣವೆಯಿಂದ ದೂರ, ಹುಲ್ಲು ಕೆತ್ತಿದ ಬರಿ ನೆಲ ನೋಡಿ. ಗಾಳಿ ಜೋರಾಗಿದ್ದರೆ ಅವತ್ತು ಹೊಲದಲ್ಲಿ ಬೆಂಕಿಯೇ ಬೇಡ.

ಎಂಥ ಇದ್ದಿಲು?

ನಮ್ಮ ಕಡೆ ಚೀಲದಲ್ಲಿ ಸಿಗುವುದು ಹೆಚ್ಚಾಗಿ ಜಾಲಿ ಇದ್ದಿಲು. ಒಳ್ಳೆಯ ಮಾಲು. ಎರಡು ತುಂಡು ತೆಗೆದು ಒಂದಕ್ಕೊಂದು ಬಡಿದು ನೋಡಿ. ಠಣ್ ಅಂತ ಸದ್ದು ಬಂದು ಕೈಗೆ ಹಗುರ ಅನ್ನಿಸಿದರೆ ಚೆನ್ನಾಗಿ ಸುಟ್ಟಿದೆ. ಮೊಂಡು ಸದ್ದು ಬಂದು, ಮುರಿದಾಗ ಒಳಗೆ ಕಂದು ಬಣ್ಣ ಕಂಡರೆ ಅದು ಅರ್ಧ ಕಟ್ಟಿಗೆಯೇ. ಕಣ್ಣಿಗೆ ಹೊಗೆ ಹಾಕುವುದು ಅಂಥ ತುಂಡು. ಆರಿಸಿ ಪಕ್ಕಕ್ಕಿಡಿ. ಚೀಲದ ತಳದ ಪುಡಿಯನ್ನೂ ಹಾಕಬೇಡಿ, ಗಾಳಿಯ ದಾರಿ ಮುಚ್ಚುತ್ತದೆ. ಮಳೆಗಾಲದಲ್ಲಿ ಕೂಡಿಟ್ಟ ಇದ್ದಿಲು ತೇವ ಎಳೆದಿರುತ್ತದೆ, ಒಂದು ದಿನ ಬಿಸಿಲಿಗೆ ಹಾಕಿ.

ಅಂಗಡಿಯಲ್ಲಿ ಅಚ್ಚು ಹಾಕಿದ ಬ್ರಿಕೆಟ್ ಕೂಡ ಸಿಗುತ್ತದೆ. ನಿಧಾನಕ್ಕೆ ಹೊತ್ತುತ್ತದೆ, ಜಾಸ್ತಿ ಹೊತ್ತು ಒಂದೇ ಸಮ ಕಾವು ಕೊಡುತ್ತದೆ. ಇಡೀ ಕೋಳಿ ಸುಡಲು ಅದು ಸರಿ. ಕಬಾಬಿಗೆ ನನ್ನ ಓಟು ಜಾಲಿ ಇದ್ದಿಲಿಗೇ.

ಹೊತ್ತಿಸುವ ಕೆಲಸ

ಇದಕ್ಕೆ ಒಂದು ಖಾಲಿ ಎಣ್ಣೆ ಡಬ್ಬಿ ಬೇಕು. ಐದು ಲೀಟರಿನ ತಗಡಿನದ್ದು ಸಾಕು. ಮುಚ್ಚಳ, ತಳ ಎರಡನ್ನೂ ಕತ್ತರಿಸಿ ತೆಗೆಯಿರಿ. ತಳದಿಂದ ನಾಲ್ಕು ಬೆರಳು ಮೇಲೆ ಅಡ್ಡಡ್ಡ ತೂತು ಕೊರೆದು ದಪ್ಪ ಕಬ್ಬಿಣದ ತಂತಿ ಬಲೆಯ ಹಾಗೆ ಪೋಣಿಸಿ. ಇದ್ದಿಲು ಕೂರುವುದು ಅದರ ಮೇಲೆ. ತಂತಿಯ ಕೆಳಗೆ ಸುತ್ತಲೂ ಎಂಟು ಹತ್ತು ದೊಡ್ಡ ತೂತು ಮಾಡಿ. ಮೊದಲ ಸಲ ಬಯಲಲ್ಲಿ ಖಾಲಿ ಡಬ್ಬಿಯನ್ನೇ ಸುಟ್ಟು ಬಣ್ಣ, ಎಣ್ಣೆ ಜಿಡ್ಡು ಹೋಗಿಸಿ, ಆ ಹೊಗೆಯಿಂದ ದೂರ ಇರಿ. ಸತು ಲೇಪಿಸಿದ ಬಕೆಟ್, ತಗಡು ಮಾತ್ರ ಬಳಸಬೇಡಿ. ಕಾದಾಗ ಅದರಿಂದ ಕೆಟ್ಟ ಹೊಗೆ ಬರುತ್ತದೆ.

ಗ್ರಿಲ್‌ನ ತಳದ ಗಾಳಿಕಿಂಡಿ ಪೂರ್ತಿ ತೆರೆಯಿರಿ. ಡಬ್ಬಿಯನ್ನು ಒಳಗೆ ನಿಲ್ಲಿಸಿ. ತಂತಿಯ ಕೆಳಗೆ ಸಡಿಲವಾಗಿ ಮುದುಡಿದ ಎರಡು ಹಾಳೆ ಪೇಪರ್, ಅದರ ಜೊತೆ ಒಂದು ಹಿಡಿ ತೊಗರಿ ಕಟ್ಟಿಗೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ (ಜಿಐ) ಟ್ಯಾಗ್ ಬಂದದ್ದು ಊರಿಗೆಲ್ಲ ಗೊತ್ತು. ಅದೇ ಗಿಡದ ಒಣ ಕಡ್ಡಿ ಬೆಂಕಿ ಹಚ್ಚಲು ಎಷ್ಟು ಒಳ್ಳೆಯದು ಅಂತ ಪೇಟೆಯವರು ಮರೆತಿದ್ದಾರೆ. ಪಟ್ಟನೆ ಹೊತ್ತುತ್ತದೆ, ಪೇಪರಿಗಿಂತ ಜಾಸ್ತಿ ಹೊತ್ತು ಉರಿಯುತ್ತದೆ. ಮೇಲೆ ಇದ್ದಿಲು ತುಂಬಿ, ತುಂಡುಗಳ ನಡುವೆ ಸಂದು ಇರಲಿ.

ಈಗ ಕೆಳಗಿನ ತೂತುಗಳಲ್ಲಿ ಎರಡು ಮೂರು ಕಡೆ ಕಡ್ಡಿ ಗೀರಿ. ಮೊದಲು ದಟ್ಟ ಬಿಳಿ ಹೊಗೆ ಬರುತ್ತದೆ. ಗಾಬರಿ ಬೇಡ, ಊದಬೇಡಿ, ಕೆದಕಬೇಡಿ. ಬಿಸಿ ಗಾಳಿ ಮೇಲಕ್ಕೆ ಹೋದ ಹಾಗೆ ಕೆಳಗಿನಿಂದ ಹೊಸ ಗಾಳಿ ತಾನೇ ಒಳಗೆ ಬರುತ್ತದೆ. ಬೀಸಣಿಗೆಯ ಕೆಲಸ ಡಬ್ಬಿಯೇ ಮಾಡುತ್ತದೆ. ಸ್ವಲ್ಪ ಹೊತ್ತಿಗೆ ಹೊಗೆ ತೆಳ್ಳಗಾಗುತ್ತದೆ, ಒಳಗೆ ಚಟಪಟ ಸದ್ದು ಕೇಳುತ್ತದೆ. ಹದಿನೈದು ಇಪ್ಪತ್ತು ನಿಮಿಷಕ್ಕೆ ಮೇಲಿನ ತುಂಡುಗಳ ಅಂಚಿಗೂ ಬೂದಿ ಹತ್ತುತ್ತದೆ, ಸಂದಿನಲ್ಲಿ ಕೆಂಪು ಕಾಣುತ್ತದೆ. ಆಗ ದಪ್ಪ ಕೈಗವಸು ಹಾಕಿಕೊಂಡು, ಇಕ್ಕಳದಲ್ಲಿ ಡಬ್ಬಿ ಹಿಡಿದು ಕೆಂಡ ಸುರಿಯಿರಿ. ಮಕ್ಕಳು ಆ ಹೊತ್ತಿಗೆ ಹತ್ತಿರ ಇರಬಾರದು.

ಡಬ್ಬಿ ಇಲ್ವಾ? ತೊಗರಿ ಕಟ್ಟಿಗೆಯನ್ನು ಗೂಡಿನಂತೆ ಜೋಡಿಸಿ, ಸುತ್ತಲೂ ಇದ್ದಿಲು ಗುಡ್ಡೆ ಮಾಡಿ ನಡುವೆ ಹಚ್ಚಿ. ಅರ್ಧ ಗಂಟೆ ಬೇಕಾಗುತ್ತದೆ.

ಉರಿ ಮಂದ ಅನ್ನಿಸಿದಾಗ ಪೆಟ್ರೋಲ್, ಸೀಮೆಎಣ್ಣೆ ಸುರಿದರೆ ಜ್ವಾಲೆ ಕೈಯಲ್ಲಿರುವ ಬಾಟಲಿಗೇ ಹತ್ತುತ್ತದೆ. ಇದನ್ನು ಮನೆಯ ಹುಡುಗರಿಗೆ ಬಿಡಿಸಿ ಹೇಳಿ.

ಕಾವು ನೋಡಿ, ಆಮೇಲೆ ಸುಡಿ

ಹೊಲದಲ್ಲಿ ಸೀತನಿ ಸುಡುವವರನ್ನು ನೋಡಿದ್ದೀರಲ್ವಾ? ಕುಳ್ಳಿನ (ಬೆರಣಿಯ) ಹೊಗೆ ಆರಿ ಕೆಂಡವಾದ ಮೇಲೆಯೇ ಎಳೆ ಜೋಳದ ತೆನೆ ಇಡುತ್ತಾರೆ. ಇಲ್ಲೂ ಅದೇ ಪದ್ಧತಿ. ಮೇಲೆ ಬೂದಿ, ಒಳಗೆ ಕೆಂಪು ಇದ್ದಾಗ ಸುಡಬೇಕು.

ಕೆಂಡವನ್ನು ಒಂದು ಬದಿಗೆ ಹೆಚ್ಚು ಹರಡಿ, ಇನ್ನೊಂದು ಬದಿ ಖಾಲಿ ಬಿಡಿ. ಕಂಬಿಯಿಂದ ಅರ್ಧ ಗೇಣು ಮೇಲೆ ಅಂಗೈ ಹಿಡಿಯಿರಿ. ಎರಡು ಮೂರು ಸೆಕೆಂಡಿಗೇ ಕೈ ಎಳೆದುಕೊಂಡರೆ ಜೋರು ಕಾವು, ಕಬಾಬಿಗೆ, ಪನೀರಿಗೆ ಸರಿ. ಐದಾರು ಸೆಕೆಂಡ್ ತಡೆದರೆ ಹದ, ಬದನೆಕಾಯಿ, ತೆನೆ ಇಡಿ. ಕೋಳಿ ಕಾಲನ್ನು ಜೋರು ಬದಿಯಲ್ಲಿ ಬಣ್ಣ ಬರಿಸಿ, ಖಾಲಿ ಬದಿಗೆ ಸರಿಸಿ, ಮುಚ್ಚಿ ಬೇಯಿಸಿ. ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುವ ತೊಂದರೆ ತಪ್ಪುತ್ತದೆ. ಥರ್ಮಾಮೀಟರ್ ಇದ್ದರೆ ಎಲುಬಿನ ಹತ್ತಿರದ ಮಾಂಸ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು.

ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದರೆ ನೀರು ಎರಚಬೇಡಿ, ಬೂದಿ ಹಾರಿ ಊಟಕ್ಕೇ ಅಂಟುತ್ತದೆ. ಮಾಂಸ ಪಕ್ಕಕ್ಕೆ ಸರಿಸಿ, ತಾನೇ ಇಳಿಯುತ್ತದೆ. ಇದ್ದಿಲು ಸಾಲದಿದ್ದರೆ ಬೇರೆ ಕಡೆ ಹೊತ್ತಿಸಿ ತಂದು ಸೇರಿಸಿ.

ಮುಗಿದ ಮೇಲೆ ಗಾಳಿಕಿಂಡಿ, ಮುಚ್ಚಳ ಎಲ್ಲ ಮುಚ್ಚಿಬಿಡಿ. ಮುಚ್ಚಳವಿಲ್ಲದ ಸಿಗಡಿಯಾದರೆ ಉಸುಕು ಸುರಿಯಿರಿ. ತಣ್ಣಗೆ ಕಾಣುವ ಬೂದಿಯ ಒಳಗೆ ಮರುದಿನವೂ ಕೆಂಡ ಇರಬಹುದು, ಪ್ಲಾಸ್ಟಿಕ್ ಕಸದ ಬುಟ್ಟಿಗೆ ಹಾಕಬೇಡಿ. ಎರಡು ದಿನ ಬಿಟ್ಟು ಜರಡಿ ಹಿಡಿದು, ಅರ್ಧ ಉರಿದ ತುಂಡು ಉಳಿಸಿಕೊಳ್ಳಿ. ಮುಂದಿನ ಸಲ ಅವನ್ನು ಡಬ್ಬಿಯಲ್ಲಿ ತಂತಿಗೆ ಹತ್ತಿರ ಹಾಕಿ, ಹೊಸದಕ್ಕಿಂತ ಬೇಗ ಹೊತ್ತುತ್ತವೆ.