ಕಾಲಡಿ ಕಾರ್ಪೆಟ್ ಒದ್ದೆನಾ? ಹಳೇ ಕಾರಿನ ಹೀಟರ್ ಲೀಕ್ ಹೀಗೆ ಸರಿ ಮಾಡಿ

ಪುಣೆಯಲ್ಲಿ ಹೀಟರ್ ಯಾರಿಗ್ರೀ ಬೇಕು ಅಂತೀರಾ, ಡಿಸೆಂಬರ್-ಜನವರಿ ಬೆಳಿಗ್ಗೆ ಬಿಟ್ರೆ ಯಾರೂ ಹಾಕಲ್ಲ ನಿಜ. ಆದ್ರೆ ನೀವು ಹಾಕಿದ್ರೂ ಹಾಕದಿದ್ರೂ, ಎಷ್ಟೋ ಗಾಡಿಗಳಲ್ಲಿ ಇಂಜಿನ್‌ನ ಬಿಸಿ ಕೂಲಂಟ್ (ಇಂಜಿನ್ ತಣ್ಣಗಿಡೋ ದ್ರವ) ಡ್ಯಾಶ್‌ಬೋರ್ಡ್ ಹಿಂದಿರೋ ಪುಟ್ಟ ರೇಡಿಯೇಟರ್ ಒಳಗೆ ಓಡ್ತಾನೇ ಇರತ್ತೆ. ಅದೇ ಹೀಟರ್ ಕೋರ್, ಮೆಕ್ಯಾನಿಕ್‌ಗಳ ಬಾಯಲ್ಲಿ ಹೀಟರ್ ಕಾಯಿಲ್. ಸೆಕೆಂಡ್ ಹ್ಯಾಂಡ್ ಗಾಡಿಯ ಹಿಂದಿನ ಓನರ್ ಕೂಲಂಟ್ ಬದಲು ವರ್ಷಗಟ್ಟಲೆ ಬೋರ್‌ವೆಲ್ ನೀರು ಸುರಿದು ಓಡಿಸಿದ್ರೆ ಈ ಕೋರ್ ಒಳಗಿಂದ ಸವೆದು ಸಣ್ಣ ತೂತು ಬೀಳತ್ತೆ, ನಿಮಗೆ ಗೊತ್ತಾಗೋದು ಕಾರ್ಪೆಟ್ ಒದ್ದೆ ಆದ್ಮೇಲೇ.

ಆದ್ರೆ ಒದ್ದೆ ಕಂಡ ತಕ್ಷಣ ಡ್ಯಾಶ್‌ಬೋರ್ಡ್ ಬಿಚ್ಚೋಕೆ ಹೋಗ್ಬೇಡಿ. ಜುಲೈ ಮಳೇಲಿ ಕಾರ್ಪೆಟ್ ನೆನೆದಿದ್ರೆ ಎಸಿ ಡ್ರೈನ್ ಪೈಪ್ ಕಟ್ಟಿಕೊಂಡಿರ್ಬಹುದು, ಇಲ್ಲಾ ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ತುಂಬಿ ಮಳೆನೀರು ಒಳಗೆ ಬಂದಿರ್ಬಹುದು. ಒಂದು ಬಿಳಿ ಟಿಶ್ಯೂ ತಗೊಂಡು ಮ್ಯಾಟ್ ಎತ್ತಿ ಒತ್ತಿ ನೋಡಿ. ಬರೀ ನೀರಾದ್ರೆ ಬಣ್ಣ ಇರಲ್ಲ, ವಾಸನೆ ಇರಲ್ಲ. ಕೂಲಂಟ್ ಆದ್ರೆ ಹಸಿರೋ ಗುಲಾಬಿಯೋ ಛಾಯೆ ಬರತ್ತೆ, ಬೆರಳಿಗೆ ಎಣ್ಣೆ ಥರ ಜಾರತ್ತೆ, ಸಿಹಿ ಸಿಹಿ ವಾಸನೆ. ನಾಲಿಗೆಗೆ ಮಾತ್ರ ತಾಗಿಸ್ಬೇಡಿ, ಎಥಿಲೀನ್ ಗ್ಲೈಕಾಲ್ ಅದು, ವಿಷ. ಇನ್ನೆರಡು ಗುರುತು ಅಂದ್ರೆ, ಬ್ಲೋವರ್ ಹಾಕಿದಾಗ ಮುಂದಿನ ಗಾಜಿನ ಒಳಗಡೆ ಜಿಡ್ಡು ಮಂಜು ಕೂರತ್ತೆ, ಒರೆಸಿದ್ರೂ ಹೋಗಲ್ಲ. ಮತ್ತೆ ಗಾಡಿ ಕೆಳಗೆ ಒಂದು ಹನಿ ಇಲ್ದಿದ್ರೂ ಕೂಲಂಟ್ ರಿಸರ್ವ್ ಬಾಟಲ್‌ನಲ್ಲಿ ಲೆವೆಲ್ ಇಳೀತಾ ಇರತ್ತೆ.

ಕೂಲಂಟೇ ಅಂತ ಖಾತ್ರಿ ಆಯ್ತಾ, ಈಗ ಇಂಜಿನ್ ಪೂರ್ತಿ ತಣ್ಣಗಾದ್ಮೇಲೆ ಬಾನೆಟ್ ಎತ್ತಿ (ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಮುಟ್ಟಲೇಬೇಡಿ, ಮುಖಕ್ಕೆ ಹಾರತ್ತೆ). ಇಂಜಿನ್ ಹಿಂದಿನ ಗೋಡೆಯೊಳಕ್ಕೆ ಹೋಗೋ ಎರಡು ರಬ್ಬರ್ ಹೋಸ್ ಕಾಣತ್ತಲ್ಲ, ಅದೇ ಹೀಟರ್ ಲೈನ್. ಕ್ಲಾಂಪ್ ಸುತ್ತ ಒಣಗಿದ ಬಿಳಿ ಅಥವಾ ಹಸಿರು ಕಲೆ ಇದ್ರೆ ನಿಮ್ಮ ಅದೃಷ್ಟ ಚೆನ್ನಾಗಿದೆ, ಹೋಸೂ ಕ್ಲಾಂಪೂ ಬದಲಾಯಿಸಿದ್ರೆ ಮುಗೀಬಹುದು.

ಅಲ್ಲಿ ಕಲೆಯೇನೂ ಇಲ್ದೆ ಒಳಗೆ ಮಾತ್ರ ಒದ್ದೆ ಅಂದ್ರೆ ಕೋರೇ ಹೋಗಿದೆ. ತಕ್ಷಣಕ್ಕೆ ಬೈಪಾಸ್ ಮಾಡಿ. ಎರಡೂ ಹೋಸನ್ನ ಕೋರಿಂದ ಬಿಡಿಸಿ, ಸರಿಯಾದ ಅಳತೆಯ ಜಾಯಿನರ್ ಹಾಕಿ ಒಂದಕ್ಕೊಂದು ಸೇರಿಸಿ ಎರಡೂ ಕಡೆ ಕ್ಲಾಂಪ್ ಬಿಗೀರಿ. ಬಾಯಿಗೆ ಬೂಚು ಹೊಡೆದು ಮುಚ್ಚಬೇಡಿ, ಯಾಕಂದ್ರೆ ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ್ಮೇಲೆ ತೆರೆಯೋ ವಾಲ್ವ್) ತೆರೆಯೋವರೆಗೂ ಕೂಲಂಟ್ ಸುತ್ತೋದು ಈ ದಾರೀಲೇ. ಹಳೇ ಹೋಸ್ ಕಲ್ಲಾಗಿದ್ರೆ ಜಗ್ಗಾಡಬೇಡಿ, ಕೋರಿನ ಮೂತಿ ಮುರಿಯತ್ತೆ, ಬ್ಲೇಡಲ್ಲಿ ಉದ್ದಕ್ಕೆ ಸೀಳಿ ಬಾಳೆಹಣ್ಣಿನ ಸಿಪ್ಪೆ ಥರ ಬಿಡಿಸ್ಕೊಳ್ಳಿ. ನನ್ನ ಕೇಳಿದ್ರೆ ಪುಣೆ ಹವಾಗೆ ಈ ಬೈಪಾಸಲ್ಲೇ ಒಂದು ಬೇಸಿಗೆ ಕಳೀಬಹುದು, ಮಳೆಗಾಲದ ಮಂಜಿಗೆ ಎಸಿ ಸಾಕು. ಒಂದೇ ಕೊರತೆ, ಊರಿಗೆ ಹೊರಟು ಖಂಬಾಟಕಿ ಘಾಟ್ ಹತ್ತುವಾಗ ಇಂಜಿನ್ ಬಿಸಿ ಏರಿದ್ರೆ ಹೀಟರ್ ಫುಲ್ ಹಾಕಿ ಬಿಸಿ ಇಳಿಸೋ ಹಳೇ ಉಪಾಯ ನಡೆಯಲ್ಲ. ಲೀಕ್ ನಿಲ್ಲತ್ತೆ ಅಂತ ರೇಡಿಯೇಟರಿಗೆ ಸುರಿಯೋ ಅರಿಶಿನ ಪುಡಿ, ಸ್ಟಾಪ್ ಲೀಕ್ ಬಾಟಲಿ ಎಲ್ಲಾ ಬೇಡವೇ ಬೇಡ, ತೂತು ಮುಚ್ಚೋದಕ್ಕಿಂತ ಮೊದಲು ಸಣ್ಣ ಟ್ಯೂಬುಗಳೇ ಕಟ್ಟಿಕೊಳ್ತವೆ.

ಹೊಸ ಕೋರಿಗೆ ನಾನಾ ಪೇಠ್‌ನ ಸ್ಪೇರ್ ಪಾರ್ಟ್ಸ್ ಅಂಗಡಿಗಳಿಗೆ ಹೋಗುವಾಗ ಹಳೇದನ್ನ ಜೊತೆಗೆ ಒಯ್ಯಿರಿ. ಪೈಪ್ ಕೋನ ಸ್ವಲ್ಪ ಬೇರೆ ಇದ್ರೂ ಕೂರಲ್ಲ. ಕೆಲವು ಗಾಡಿಗಳಲ್ಲಿ ಕಾಲಿನ ಪಕ್ಕದಿಂದ ಕೋರ್ ಜಾರಿಸಿ ತೆಗೀಬಹುದು, ಕೆಲವದ್ರಲ್ಲಿ ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸ್ಬೇಕು. ಏರ್‌ಬ್ಯಾಗ್ ಇರೋ ಗಾಡಿಯಾದ್ರೆ ಅದನ್ನ ಗ್ಯಾರೇಜಿನವರಿಗೇ ಬಿಡಿ. ನೀವೇ ಮಾಡ್ತೀರಾದ್ರೆ ಬ್ಯಾಟರಿ ನೆಗೆಟಿವ್ ತೆಗೆದು, ಪ್ರತಿ ಕನೆಕ್ಟರ್ ಫೋಟೋ ಹೊಡ್ಕೊಂಡು, ಸ್ಕ್ರೂಗಳನ್ನ ಬೇರೆ ಬೇರೆ ಬಟ್ಟಲಲ್ಲಿ ಹಾಕಿ. ಪೈಪ್ ಸೇರೋ ಕಡೆ ಹೊಸ ಓ-ರಿಂಗ್ (ರಬ್ಬರ್ ಉಂಗುರ) ಹಾಕಿ, ಹಳೇ ಕೋರಿನ ಸುತ್ತ ಇದ್ದ ಫೋಮ್ ಪಟ್ಟೀನೂ ಹೊಸದು ಅಂಟಿಸಿ, ಇಲ್ಲಾಂದ್ರೆ ಗಾಳಿ ಪಕ್ಕದಿಂದ ನುಸುಳತ್ತೆ.

ಡ್ಯಾಶ್ ಮುಚ್ಚೋ ಮುಂಚೆಯೇ ಕೂಲಂಟ್ ತುಂಬಿ ಲೀಕ್ ನೋಡಿ. ಕೂಲಂಟೂ ಡಿಸ್ಟಿಲ್ಡ್ ವಾಟರೂ ಅರ್ಧರ್ಧ, ರೆಡಿಮಿಕ್ಸ್ ಆದ್ರೆ ಹಾಗೇ. ಹೀಟರ್ ನಾಬ್ ಫುಲ್ ಬಿಸಿಗಿಟ್ಟು, ಇಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿ ಐಡಲಲ್ಲಿ ಬಿಡಿ, ಗುಳ್ಳೆ ಬರೋದು ನಿಂತ ಹಾಗೆ ಲೆವೆಲ್ ತುಂಬ್ತಾ ಬನ್ನಿ, ಉಕ್ಕೋಕೆ ಶುರುವಾದ್ರೆ ಇಂಜಿನ್ ಆಫ್ ಮಾಡಿ ದೂರ ನಿಲ್ಲಿ. ಗುಳ್ಳೆ ಪೂರ್ತಿ ನಿಂತ್ಮೇಲೆ ಕ್ಯಾಪ್ ಹಾಕಿ ರೇಡಿಯೇಟರ್ ಫ್ಯಾನ್ ಓಡೋವರೆಗೂ ಬಿಟ್ಟು, ತಣ್ಣಗಾದ್ಮೇಲೆ ಮತ್ತೆ ನೋಡಿ.

ಕಾರ್ಪೆಟ್ ಕೆಳಗಿನ ಫೋಮ್ ಹೊರಗೆ ತೆಗೆದು ನೀರಲ್ಲಿ ಚೆನ್ನಾಗಿ ತೊಳೆದು ಬಿಸಿಲಿಗೆ ಹಾಕಿ, ಗ್ಲೈಕಾಲ್ ತಾನಾಗೇ ಒಣಗಿ ಹೋಗಲ್ಲ, ಅಡಿ ತಗಡು ತುಕ್ಕು ಹಿಡಿಯತ್ತೆ. ಬಸಿದ ಹಳೇ ಕೂಲಂಟನ್ನ ಸೊಸೈಟಿ ಪಾರ್ಕಿಂಗಲ್ಲಿ ಚೆಲ್ಲಬೇಡಿ, ನಾಯಿ ಬೆಕ್ಕು ನೆಕ್ಕಿ ಸಾಯ್ತವೆ, ಕ್ಯಾನಲ್ಲಿ ತುಂಬಿ, ತಗೊಳ್ಳೋ ಗ್ಯಾರೇಜಿಗೆ ಕೊಡಿ.